ಪಗಾರ ಬಂದ ದಾರಿ

ಸಾಗರದ ಕಡೆ ಅಡಿಕೆ ಸುಲಿತ ಅಂದರೆ ರಾತ್ರಿ ಕೆಲಸ. ಒಂದು ಕಡೆ ಹಂಡೆಯಲ್ಲಿ ಅಡಿಕೆ ಬೇಯುತ್ತಿರುತ್ತದೆ. ಅದರ ಒಲೆಯ ಬೆಳಕಲ್ಲಿ ಜನ ಮೆಟ್ಟುಗತ್ತಿ ಹಾಕಿಕೊಂಡು ಕೂತಿರುತ್ತಾರೆ. ನಿದ್ದೆ ಬಾರದಿರಲೆಂದು ಮಾತೋ ಮಾತು.

ಆ ವರ್ಷ ಧಾರವಾಡ ಕಡೆಯ ಮಾಸ್ತರರೊಬ್ಬರು ನಮ್ಮ ಮನೆಯಲ್ಲಿ ಊಟಕ್ಕಿದ್ದರು. ಅಂಗಳಕ್ಕೆ ಬಂದು ಅಜ್ಜಿಗೆ, "ಅಮ್ಮಾರ, ಪಗಾರ ಇನ್ನೂ ಬಂದಿಲ್ರಿ, ಊಟದ ರೊಕ್ಕ ಮುಂದಿನ ವಾರ ಕೊಡ್ತೀನಿ" ಅಂದದ್ದೇ ತಡ, ಸುಲಿಯುವವರೆಲ್ಲ ಗೊಳ್ಳೆಂದು ನಕ್ಕರು. "ಅದು ಮರಾಠಿ ಮಾಸ್ತ್ರೇ. ಕನ್ನಡದಲ್ಲಿ ಸಂಬಳ" ಎಂದು ದೊಡ್ಡಪ್ಪ ತೀರ್ಪು ಕೊಟ್ಟರು.

ಮಾಸ್ತರರು ಸಿಟ್ಟಾಗದೆ ಒಲೆಯ ಹತ್ತಿರ ಕೂತರು. "ಮರಾಠಿಗೂ ಅದು ಹೊರಗಿಂದನ ಬಂದದ್ದರಿ." 1510ರಲ್ಲಿ ಗೋವೆ ಹಿಡಿದ ಪೋರ್ಚುಗೀಸರ ಮಾತಿನಲ್ಲಿ ‘ಪಗಾರ್’ ಅಂದರೆ ಹಣ ಪಾವತಿ ಮಾಡುವುದು. ಚಾವಿಯೂ ಅವರದೇ. ಅಜ್ಜಿಯ ಹಿತ್ತಲಿನ ಪೇರಲೆಯ ಹೆಸರೂ ಅಲ್ಲಿಂದಲೇ. ಅವರು ತಮ್ಮೂರಿನ ಬೇರೊಂದು ಹಣ್ಣಿಗೆ ‘ಪೇರಾ’ ಅನ್ನುತ್ತಿದ್ದರು, ಇಲ್ಲಿ ಆ ಹೆಸರು ಸೀಬೆಗೆ ಅಂಟಿತು. ಅಜ್ಜಿ ಕತ್ತಿ ನಿಲ್ಲಿಸಿ ಕೇಳಿದಳು. ಕುಂದಾಪುರದಿಂದ ಸುಲಿತಕ್ಕೆ ಬಂದಿದ್ದ ಹೆಂಗಸು ಬಟಾಟೆಯ ಬಗ್ಗೆ ವಿಚಾರಿಸಿದಳು. ಅದೂ ಅವರದೇ.

"ಮೆಣಸಿನಕಾಯಿ?" ಅಂದೆ ನಾನು.

ಅದರ ಕತೆ ತಿರುವುಮುರುವು. ಕಾಯಿ ಅಮೆರಿಕದ್ದು, ತಂದವರು ಪೋರ್ಚುಗೀಸರು, ಹೆಸರು ಮಾತ್ರ ನಮ್ಮದು. ಅದಕ್ಕೂ ಮೊದಲು ಮೆಣಸು ಅಂದರೆ ಬಳ್ಳಿಯಲ್ಲಿ ಬಿಡುವ ಕಾಳೊಂದೇ. ಖಾರದ ಹೊಸ ಕಾಯಿ ಬಂದು ಆ ಹೆಸರಿನಲ್ಲಿ ಪಾಲು ಕೇಳಿತು. ಹಳೆಯದು ತನ್ನ ಗುರುತಿಗೆ ಕಾಳುಮೆಣಸು ಆಗಬೇಕಾಯಿತು.

"ನಾವ್ ಅದ್ಕೆ ಒಳ್ಳೆಮೆಣ್ಸ್ ಅಂಬ್ದ್" ಅಂದಳು ಕುಂದಾಪುರದವಳು.

ಒಳ್ಳೆಮೆಣಸು! ಹೊಸತು ಮನೆಯ ತುಂಬ ಓಡಾಡುತ್ತಿದ್ದರೂ ಹಳೆಯದನ್ನು ಕೈಬಿಡದ ಜನರ ಅಕ್ಕರೆಯೆಲ್ಲ ಆ ಒಂದು ಪದದಲ್ಲಿದೆ. ಅದಕ್ಕಿಂತ ಚಂದದ ಪದ ನನಗೆ ಇವತ್ತಿಗೂ ಸಿಕ್ಕಿಲ್ಲ. ಪೋರ್ಚುಗೀಸರು ಸಮುದ್ರ ದಾಟಿ ಬಂದದ್ದೂ ಅದೇ ಕಾಳಿಗಾಗಿ. ನಮ್ಮ ಘಟ್ಟದ ಕೆಳಗಿನ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಅವರು ಮೆಣಸಿನ ರಾಣಿ ಎಂದು ಕರೆದದ್ದನ್ನೂ ಮಾಸ್ತರರೇ ಹೇಳಿದರು.

ದೊಡ್ಡಪ್ಪ ಒಲೆಗೆ ಇನ್ನೊಂದು ಕುಂಟೆ ನೂಕಿ, "ಹಾಗಾದ್ರೆ ಸಂಬಳ ಎಲ್ಲಿಂದ ಬಂತು ಮಾಸ್ತ್ರೇ?" ಎಂದು ಕೇಳಿದರು. ಸಂಸ್ಕೃತದಲ್ಲಿ ‘ಶಂಬಲ’ ಅಂದರೆ ದಾರಿಬುತ್ತಿ ಎನ್ನುವಲ್ಲಿಂದ ಮಾತು ಮತ್ತೆ ಶುರುವಾಯಿತು.