ಹಿಕ್ಸ್‌ವಿಲ್ಲಿನ ಹಾಡುಗಾರರೂ ಅವರ ರಸಿಕರೂ

ದೇಶ ನೋಡಲೆಂದು ಹೊರಟವರು ಗುಡಿಗೋಪುರಗಳನ್ನೂ ಅರಮನೆಗಳನ್ನೂ ಜಲಪಾತಗಳನ್ನೂ ಕಂಡುಬಂದು ಅವುಗಳ ವರ್ಣನೆಯನ್ನು ಬರೆಯುವುದು ವಾಡಿಕೆ. ನಾವು ಈ ಸಲ ವಾಚಕರ ಮುಂದಿಡುವ ಊರಿನಲ್ಲಿ ಇವುಗಳಲ್ಲಿ ಯಾವುದೂ ಇಲ್ಲ. ಆದರೂ ಅಲ್ಲಿಂದ ಹೊರಟು ಒಂದು ಸಂಜೆ ನಾವು ಮಾಡಿದ ಮುಕ್ಕಾಲು ಗಂಟೆಯ ರೈಲುಪ್ರಯಾಣವು ಎಷ್ಟೋ ಯಾತ್ರೆಗಳಿಗಿಂತ ಹೆಚ್ಚಾಗಿ ನಮ್ಮ ನೆನಪಿನಲ್ಲಿ ನಿಂತಿರುವುದರಿಂದ, ಅದನ್ನು ಬರೆಯುವ ಸಾಹಸ ಮಾಡಿದ್ದೇವೆ.

ಅಮೆರಿಕದ ನ್ಯೂಯಾರ್ಕ್ ಮಹಾನಗರದಿಂದ ಪೂರ್ವಕ್ಕೆ, ಸಮುದ್ರದಲ್ಲಿ ಮಲಗಿದ ದೊಡ್ಡ ಮೀನಿನಂತೆ ಚಾಚಿಕೊಂಡಿರುವ ದ್ವೀಪವೇ ಲಾಂಗ್ ಐಲೆಂಡ್. ಅದರ ಪಶ್ಚಿಮ ಭಾಗದಲ್ಲಿ ಹಿಕ್ಸ್‌ವಿಲ್ ಎಂಬ ಊರುಂಟು. ಎರಡನೆಯ ಮಹಾಯುದ್ಧವು ಮುಗಿದು ಸೈನಿಕರು ಮನೆಗೆ ಮರಳಿದಾಗ ಅವರಿಗೆ ವಾಸಕ್ಕೆ ಮನೆಗಳು ಸಾಲದೆ ಹೋದುವು. ಆಗ ಲೆವಿಟ್ ಎಂಬ ಕಟ್ಟಡಗಾರರು ಈ ಪ್ರಾಂತದ ಆಲೂಗಡ್ಡೆಯ ಹೊಲಗಳಲ್ಲಿ, 1947ರಿಂದ 1951ರೊಳಗೆ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಹ 17,000ಕ್ಕೂ ಮಿಕ್ಕಿದ ಮನೆಗಳನ್ನು ಎಬ್ಬಿಸಿದರು. ಅಂತಹ ಮನೆಯೊಂದರಲ್ಲಿ ಬೆಳೆದ ಬಾಲಕನೇ ಮುಂದೆ ಪಿಯಾನೋ ಬಾರಿಸುತ್ತ ಹಾಡಿ ಲೋಕಪ್ರಸಿದ್ಧರಾದ ಬಿಲ್ಲಿ ಜೋಯೆಲ್ ಅವರು. ಅವರು ಹುಟ್ಟಿದ್ದು 1949ನೆಯ ಮೇ 9ರಂದು, ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ. ಆದರೆ ಅವರನ್ನು ತಮ್ಮವರೆಂದು ಹೇಳಿಕೊಳ್ಳುವವರು ಹಿಕ್ಸ್‌ವಿಲ್ಲಿನವರೇ.

ಈಗ ಆ ಊರಿನಲ್ಲಿ ನಮ್ಮ ದೇಶದವರು ಬಹಳವಾಗಿ ನೆಲೆಸಿದ್ದಾರೆ. ಸೀರೆಯಂಗಡಿ, ಮಿಠಾಯಿಯಂಗಡಿ, ಕರಿಬೇವು ನುಗ್ಗೆಕಾಯಿಗಳ ಅಂಗಡಿ ಎಲ್ಲವೂ ಉಂಟು. ನಮ್ಮ ತಂಗಿಯ ಮಗನು 1994ರಲ್ಲಿ ಒಂದು ಪೆಟ್ಟಿಗೆಯನ್ನು ಹಿಡಿದುಕೊಂಡು ಆ ದೇಶಕ್ಕೆ ಹೋದವನು, ಅಲ್ಲಿಯೇ ಇಂಜಿನಿಯರನಾಗಿ ಸಂಸಾರ ಹೂಡಿದ್ದಾನೆ. 2018ರ ಶರತ್ಕಾಲದಲ್ಲಿ ನಾವು ಅವನ ಮನೆಯಲ್ಲಿ ಎರಡು ತಿಂಗಳು ಇದ್ದೆವು. ಅವನಿಗೆ ಒಬ್ಬಳೇ ಮಗಳು. ಆಗ ಹದಿನೇಳು ವರ್ಷದವಳು, ಪ್ರೌಢಶಾಲೆಯ ಕಡೆಯ ತರಗತಿಯಲ್ಲಿದ್ದಳು. ಮುಂದಿನ ವರ್ಷವೇ ಅವಳು ವೈದ್ಯ ವಿದ್ಯೆಗೆ ದಾರಿಯಾಗುವ ಕಾಲೇಜನ್ನು ಸೇರಬೇಕೆಂಬುದು ತಂದೆಯ ನಿಶ್ಚಯ. ಹುಡುಗಿಯಾದರೋ ಒಂದು ದಿನ ಅಡಿಗೆಮನೆಯಲ್ಲಿ ಅವರೆಕಾಳು ಸುಲಿಯುತ್ತ, "ತಾತ, ನನಗೆ ಒಂದು ವರ್ಷ ಸುಮ್ಮನೆ ನಿಂತು ಯೋಚನೆ ಮಾಡಬೇಕೆನಿಸುತ್ತದೆ. ಅಪ್ಪನಿಗೆ ಹೇಳುವ ಧೈರ್ಯವಿಲ್ಲ; ನೀವೂ ಹೇಳಬೇಡಿ" ಎಂದಳು. ನಾವು ಹೇಳುವುದಿಲ್ಲವೆಂದು ಮಾತು ಕೊಟ್ಟೆವು. ಕೊಟ್ಟ ಮೇಲೆ ಆ ಮಾತು ನಮ್ಮ ಹೊಟ್ಟೆಯಲ್ಲಿ ಕಲ್ಲಿನಂತೆ ಕುಳಿತುಕೊಂಡಿತು.

ಜೋಯೆಲ್ ಅವರು 2014ರ ಜನವರಿಯಿಂದ ತಿಂಗಳಿಗೊಂದರಂತೆ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ಸಭಾಮಂದಿರದಲ್ಲಿ ಕಛೇರಿ ನಡೆಸುತ್ತಿದ್ದ ಕಾಲವದು. ಅಳಿಯನು ನಾಲ್ಕು ಟಿಕೆಟ್ಟುಗಳನ್ನು ತಂದನು: ತನಗೆ, ಮಗಳಿಗೆ, ನಮಗೆ, ಮತ್ತು ಪಕ್ಕದ ಮನೆಯ ಮುದುಕರಿಗೆ. ಈ ಮುದುಕರು ಆ ದ್ವೀಪದ ರೈಲ್ವೆಯಲ್ಲಿಯೇ ಕೆಲಸ ಮಾಡಿ ನಿವೃತ್ತರಾದವರು. ಹೆಂಡತಿಯನ್ನು ಕಳೆದುಕೊಂಡು ಒಂಟಿಯಾಗಿದ್ದವರು. ಚಿತ್ರಾನ್ನದ ಬುತ್ತಿಯನ್ನು ಕಟ್ಟಿಕೊಂಡು ನಾವು ನಾಲ್ವರೂ ಸಾಯಂಕಾಲದ ರೈಲುಬಂಡಿಯನ್ನು ಹತ್ತಿದೆವು.

ಬಂಡಿಯ ತುಂಬ ಕಛೇರಿಗೆ ಹೊರಟವರೇ. ಅವರ ಮಾತನ್ನು ಕೇಳಿ ನಮಗೆ ಮೈಸೂರಿನ ಜಗಲಿಗಳ ನೆನಪು ಬಂದಿತು. ಈ ವಿದ್ವಾಂಸರ ತೋಡಿ ಮೇಲೋ ಆ ವಿದ್ವಾಂಸರ ಕಲ್ಯಾಣಿ ಮೇಲೋ ಎಂದು, ಒಳಗೆ ಸಾರು ಆರಿಹೋಗುವವರೆಗೆ ವಾದಿಸುತ್ತಿದ್ದ ಹಿರಿಯರನ್ನು ನಾವು ಕಂಡಿದ್ದೇವೆ. ಇಲ್ಲಿಯೂ ಅದೇ. ಜೋಯೆಲ್ ಅವರು ರಚಿಸಿ ಹಾಡಿದವು ನೂರಕ್ಕೂ ಮಿಕ್ಕಿವೆ. ಅವುಗಳಲ್ಲಿ ಯಾವುದು ಮೊದಲನೆಯದು, ಯಾವುದು ಎರಡನೆಯದು ಎಂದು ಒಬ್ಬೊಬ್ಬರೂ ಪಟ್ಟಿಯನ್ನು ಇಟ್ಟುಕೊಂಡಿದ್ದರು. ನಮ್ಮ ಅಳಿಯನ ಜೇಬಿನಲ್ಲಿಯೂ ಹನ್ನೆರಡು ಹಾಡುಗಳ ಒಂದು ಪಟ್ಟಿ ಇದ್ದಿತು!

ಅವನ ಪಟ್ಟಿಯ ತಲೆಯಲ್ಲಿದ್ದುದು 1989ರಲ್ಲಿ ಹೊರಬಂದ 'ವಿ ಡಿಡಂಟ್ ಸ್ಟಾರ್ಟ್ ದ ಫೈರ್' ಎಂಬ ಹಾಡು. ಅದು ಹಾಡುಗಾರರು ಹುಟ್ಟಿದ 1949ರಿಂದ ಹಿಡಿದು ನಲವತ್ತು ವರ್ಷಗಳ ಸಮಾಚಾರಗಳನ್ನೂ ವ್ಯಕ್ತಿಗಳನ್ನೂ ಒಂದೇ ಉಸಿರಿನಲ್ಲಿ ಪೋಣಿಸಿರುವ ಮಾಲೆ. ನೂರಕ್ಕೂ ಹೆಚ್ಚು ಹೆಸರುಗಳಿವೆ.

"ಮಾವ, ನಾನು ಇಲ್ಲಿಗೆ ಬಂದ ಹೊಸತರಲ್ಲಿ ಕಛೇರಿಯವರ ಮಾತು ನನಗೆ ಅರ್ಥವಾಗುತ್ತಿರಲಿಲ್ಲ. ಈ ಹಾಡಿನ ಒಂದೊಂದು ಹೆಸರನ್ನೂ ನೋಟ್‌ಪುಸ್ತಕದಲ್ಲಿ ಬರೆದುಕೊಂಡು, ಗ್ರಂಥಾಲಯದಲ್ಲಿ ಹುಡುಕಿ ತಿಳಿದುಕೊಂಡೆ. ಅಮೆರಿಕದ ಚರಿತ್ರೆಯನ್ನು ನನಗೆ ಕಲಿಸಿದ್ದು ಇದೇ" ಎಂದನು ಅಳಿಯ.

ಮುದುಕರು ನಕ್ಕರು. ಆ ಹಾಡಿನ ಮಟ್ಟನ್ನು ಅದನ್ನು ಕಟ್ಟಿದವರೇ ಹಳಿದಿದ್ದಾರಲ್ಲ, ಎಂದರು. ಅದು ನಿಜ. ಆದರೆ ಅದು ಮಾರಾಟದ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೆ ಏರಿದ್ದಿತಲ್ಲ, ಎಂದು ಅಳಿಯನು ವಾದಿಸಿದನು. ಅದೂ ನಿಜ. ಜೋಯೆಲ್ ಅವರ ಹಾಡುಗಳಲ್ಲಿ ಅಮೆರಿಕದ ಮಾರಾಟದ ಪಟ್ಟಿಯ ಶಿಖರಕ್ಕೇರಿದವು ಮೂರೇ: 1980ರ 'ಇಟ್ಸ್ ಸ್ಟಿಲ್ ರಾಕ್ ಆಂಡ್ ರೋಲ್ ಟು ಮಿ', 1983ರ 'ಟೆಲ್ ಹರ್ ಅಬೌಟ್ ಇಟ್', ಮತ್ತು ಇದು. ಅವರಿಗೆ ಬಿರುದಿನಂತೆ ಅಂಟಿಕೊಂಡಿರುವ 1973ರ 'ಪಿಯಾನೋ ಮ್ಯಾನ್' ಇಪ್ಪತ್ತೈದನೆಯ ಸ್ಥಾನದಿಂದ ಮೇಲಕ್ಕೆ ಏರಲಿಲ್ಲ. ಪಾನಗೃಹವೊಂದರಲ್ಲಿ ಬೇರೆ ಹೆಸರಿಟ್ಟುಕೊಂಡು ಪಿಯಾನೋ ಬಾರಿಸಿ ಹೊಟ್ಟೆ ಹೊರೆದ ದಿನಗಳ ಹಾಡು ಅದು. ಮುದುಕರ ಪಟ್ಟಿಯ ಮೊದಲನೆಯದಾದ, 1977ರ 'ಸೀನ್ಸ್ ಫ್ರಮ್ ಆನ್ ಇಟಾಲಿಯನ್ ರೆಸ್ಟೊರೆಂಟ್' ಎಂಬುದಂತೂ ಏಳೂವರೆ ನಿಮಿಷದಷ್ಟು ಉದ್ದ. ಹಳೆಯ ಗೆಳೆಯರಿಬ್ಬರು ಊಟಕ್ಕೆ ಸೇರಿ, ಹರೆಯದಲ್ಲಿ ಅವಸರದಿಂದ ಮದುವೆಯಾಗಿ ಬೇರೆಯಾದ ಜೋಡಿಯೊಂದರ ಕಥೆಯನ್ನು ನೆನೆಯುವ ಹಾಡು.

"ಅಂತಹ ಜೋಡಿಗಳು ನನ್ನ ತರಗತಿಯಲ್ಲಿಯೇ ಹತ್ತು ಇದ್ದವು. ನಾನೂ ನನ್ನ ಹೆಂಡತಿಯೂ ಹೇಗೋ ಬೇರೆಯಾಗಲಿಲ್ಲ. ಅದನ್ನು ಕೇಳಿದಾಗಲೆಲ್ಲ ಬಚಾವಾದೆವೆಂದು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೆವು" ಎಂದರು ಮುದುಕರು.

'ಗುಡ್‌ನೈಟ್ ಸೈಗಾನ್' ನಿಮ್ಮ ಪಟ್ಟಿಯಲ್ಲಿ ಎಷ್ಟನೆಯದು ಎಂದು ಅಳಿಯನು ಕೇಳಿದನು. ಅದು ವಿಯೆಟ್ನಾಮ್ ಯುದ್ಧಕ್ಕೆ ಹೋದ ಹುಡುಗರನ್ನು ಕುರಿತು 1982ರಲ್ಲಿ ಬಂದದ್ದು. ಮುದುಕರು ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿದರು. "ನನ್ನ ಅಣ್ಣ ಅಲ್ಲಿಗೆ ಹೋದವನು ಬರಲಿಲ್ಲ. ಅದಕ್ಕೆ ನಾನು ಸಂಖ್ಯೆ ಹಾಕುವುದಿಲ್ಲ" ಎಂದರು.

ಆಗ ನಮಗೆ ಒಂದು ವಿಷಯವು ಹೊಳೆಯಿತು. ಇವರು ವಾದಿಸುತ್ತಿದ್ದುದು ಹಾಡುಗಳನ್ನು ಕುರಿತಲ್ಲ. ಒಬ್ಬೊಬ್ಬರ ಪಟ್ಟಿಯೂ ಅವರವರ ಬಾಳಿನ ಲೆಕ್ಕದ ಪುಸ್ತಕ. ಅದರಲ್ಲಿ ಮೇಲು ಕೀಳೆಂದು ಬರೆದಿರುವುದೆಲ್ಲ ತಾವು ಪಟ್ಟುದು, ಪಡೆದುದು, ಕಳೆದುಕೊಂಡುದು.

ಹುಡುಗಿಯು ಅದುವರೆಗೆ ಮಾತನಾಡಿರಲಿಲ್ಲ. ಅವಳನ್ನು ಕೇಳಲು, "ನನಗೆ 'ವಿಯೆನ್ನಾ'" ಎಂದಳು. ಅದು 1977ರ 'ದ ಸ್ಟ್ರೇಂಜರ್' ಎಂಬ ಸಂಪುಟದಲ್ಲಿ ಒಂದು ಮೂಲೆಯಲ್ಲಿದ್ದ ಹಾಡು. ಅಂದು ಅದನ್ನು ಹೆಚ್ಚಾಗಿ ಗಮನಿಸಿದವರಿಲ್ಲ. ಈಗ ಎಳೆಯರೆಲ್ಲ ಅದನ್ನೇ ತಲೆಯ ಮೇಲೆ ಹೊತ್ತಿದ್ದಾರೆ. ಓಡುವವನೇ, ನಿಲ್ಲು, ನಗರವು ನಿನಗಾಗಿ ಕಾದಿರುತ್ತದೆ ಎಂಬುದು ಅದರ ತಾತ್ಪರ್ಯ.

"ಅದು ಸೋಮಾರಿಗಳ ಹಾಡು. ನನ್ನ ಪಟ್ಟಿಯಲ್ಲಿ ಅದು ಹನ್ನೊಂದನೆಯದು. ಅದೂ ಪಿಯಾನೋ ಚೆನ್ನಾಗಿದೆಯೆಂದು. ನಾನು ನಿಂತಿದ್ದರೆ ನೀನು ಇಲ್ಲಿರುತ್ತಿರಲಿಲ್ಲ, ಮಗು" ಎಂದನು ಅಳಿಯ.

ಹುಡುಗಿಯ ಮುಖವು ಸಣ್ಣದಾಯಿತು. ನಮ್ಮ ಬಾಯಿಯವರೆಗೆ ಬಂದ ಮಾತನ್ನು ಚಿತ್ರಾನ್ನದೊಂದಿಗೆ ನುಂಗಿಕೊಂಡೆವು. ಮುದುಕರೇ ಆ ಹಾಡಿನ ಹುಟ್ಟನ್ನು ಹೇಳಿದರು. ಜೋಯೆಲ್ ಅವರ ಅಜ್ಜನು ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಬಟ್ಟೆಯ ವ್ಯಾಪಾರಿ. ಯೆಹೂದ್ಯರಾದುದರಿಂದ ನಾಜಿಗಳ ಕಾಲದಲ್ಲಿ ಎಲ್ಲವನ್ನೂ ಬಿಟ್ಟು ಓಡಬೇಕಾಯಿತು. ತಂದೆಯು ಅಮೆರಿಕಕ್ಕೆ ಬಂದು, ಮಗನು ಚಿಕ್ಕವನಾಗಿದ್ದಾಗಲೇ ಮನೆಯನ್ನು ಬಿಟ್ಟು ಯೂರೋಪಿಗೆ ಮರಳಿ ವಿಯೆನ್ನಾದಲ್ಲಿ ನೆಲೆಸಿದರು. ಬೆಳೆದ ಮಗನು ತಂದೆಯನ್ನು ಹುಡುಕಿಕೊಂಡು ಅಲ್ಲಿಗೆ ಹೋದಾಗ, ಬಹಳ ವಯಸ್ಸಾದ ಮುದುಕಿಯೊಬ್ಬಳು ಬೀದಿ ಗುಡಿಸುವುದನ್ನು ಕಂಡು ಮರುಗಿದರಂತೆ. ತಂದೆಯು, ಅವಳಿಗೂ ಒಂದು ಕೆಲಸವಿದೆ, ತಾನು ಬೇಕಾದವಳೆಂಬ ಭಾವವಿದೆ, ಎಂದು ತಿಳಿಯ ಹೇಳಿದರಂತೆ. ಮುಪ್ಪಿಗೂ ಒಂದು ಸ್ಥಾನವುಂಟು, ಎಲ್ಲವನ್ನೂ ಹರೆಯದಲ್ಲಿಯೇ ಮುಗಿಸಬೇಕಾದುದಿಲ್ಲ ಎಂಬ ಎಣಿಕೆಯಿಂದ ಹಾಡು ಹುಟ್ಟಿತು.

"ಅಲ್ಲದೆ," ಎಂದು ಮುದುಕರು ಮುಗಿಸಿದರು, "ನಮ್ಮ ಹಿಕ್ಸ್‌ವಿಲ್ಲಿನ ಶಾಲೆ ಅವರಿಗೆ 1967ರಲ್ಲಿ ಪ್ರಮಾಣಪತ್ರ ಕೊಡಲಿಲ್ಲ. ರಾತ್ರಿಯೆಲ್ಲ ಪಿಯಾನೋ ಬಾರಿಸಿ ಬೆಳಗ್ಗೆ ಪರೀಕ್ಷೆಗೆ ಏಳಲಾರದೆ ಹೋದರು. ಕೊಟ್ಟದ್ದು 1992ರಲ್ಲಿ. ಇಪ್ಪತ್ತೈದು ವರ್ಷ ತಡ!"

ಅಳಿಯನು ಏನೂ ಹೇಳಲಿಲ್ಲ. ಬಂಡಿಯು ಸುರಂಗವನ್ನು ಹೊಕ್ಕಿತು.

ಗಾರ್ಡನ್ ಎಂದರೆ ತೋಟ. ಆದರೆ ಅಲ್ಲಿ ಒಂದು ಹುಲ್ಲೆಸಳೂ ಇಲ್ಲ. ರೈಲುನಿಲ್ದಾಣವು ನೆಲದ ಕೆಳಗೆ, ಅದರ ನೆತ್ತಿಯ ಮೇಲೆಯೇ 1968ರಲ್ಲಿ ತೆರೆದ ಈ ದುಂಡನೆಯ ಮಂದಿರ. ಸುಮಾರು ಇಪ್ಪತ್ತು ಸಾವಿರ ಜನರು ಕುಳಿತುಕೊಳ್ಳಬಹುದು. ನಡುವೆ ತಿರುಗುವ ಪೀಠದ ಮೇಲೆ ಪಿಯಾನೋ; ಹಾಡುಗಾರರ ಮುಖವು ಎಲ್ಲ ದಿಕ್ಕಿನವರಿಗೂ ಸರದಿಯಂತೆ ಕಾಣುತ್ತಿದ್ದಿತು. ಒಂದು ಸಂಗತಿಯು ನಮಗೆ ಬಹಳ ಮೆಚ್ಚಿಕೆಯಾಯಿತು. ಮುಂದಿನ ಸಾಲಿನ ಪೀಠಗಳನ್ನು ಇವರು ಹಣಕ್ಕೆ ಮಾರುತ್ತಿರಲಿಲ್ಲ. ಅಟ್ಟದ ಮೇಲಿನ ಅಗ್ಗದ ಪೀಠಗಳಲ್ಲಿದ್ದ ನಿಜವಾದ ರಸಿಕರನ್ನು ತಮ್ಮವರಿಂದ ಹುಡುಕಿಸಿ ಕರೆತಂದು ಕೂರಿಸುತ್ತಿದ್ದರು. ಹಣವಂತರು ಮುಂದೆ ಕುಳಿತು ಆಕಳಿಸುವುದನ್ನು ನೋಡಿ ನೋಡಿ ಬೇಸತ್ತು ಮಾಡಿದ ಏರ್ಪಾಡಂತೆ.

ಕಛೇರಿಯ ನಡುವೆ ಇನ್ನೊಂದು ವಿನೋದವಿದ್ದಿತು. ಬೇಸ್‌ಬಾಲ್ ಆಟದಲ್ಲಿ ಚೆಂಡನ್ನು ಹಿಡಿದವನು ಓಡುವವರಲ್ಲಿ ಯಾರನ್ನು ಹೊರಗೆ ಕಳುಹಿಸಬೇಕೆಂದು ತಾನೇ ಆರಿಸುವುದಕ್ಕೆ 'ಫೀಲ್ಡರ್ಸ್ ಚಾಯ್ಸ್' ಎಂದು ಹೆಸರು. ಜೋಯೆಲ್ ಅವರು ಅದೇ ಹೆಸರಿನಿಂದ ಎರಡು ಹಾಡುಗಳನ್ನು ಸಭೆಯ ಮುಂದಿಡುತ್ತಿದ್ದರು. ಯಾವುದಕ್ಕೆ ಕೂಗು ಹೆಚ್ಚೋ ಅದನ್ನು ಹಾಡುತ್ತಿದ್ದರು. ಆ ರಾತ್ರಿ ಅವರು 'ಜಸ್ಟ್ ದ ವೇ ಯು ಆರ್' ಬೇಕೋ, 'ವಿಯೆನ್ನಾ' ಬೇಕೋ ಎಂದು ಕೇಳಿದರು. ಮೊದಲನೆಯದು ಸಾಮಾನ್ಯವಾದುದಲ್ಲ, 1978ನೆಯ ವರ್ಷದ ಅತ್ಯುತ್ತಮ ಹಾಡೆಂದು ಗ್ರ್ಯಾಮಿ ಪ್ರಶಸ್ತಿ ಪಡೆದದ್ದು. ಅದನ್ನು ಸಂಪುಟದಿಂದ ಬಿಟ್ಟುಬಿಡಬೇಕೆಂದಿದ್ದವರು ಕಟ್ಟಿದವರೇ. ಲಿಂಡಾ ರಾನ್‌ಸ್ಟಾಟ್, ಫೀಬಿ ಸ್ನೋ ಎಂಬ ಗಾಯಕಿಯರು ಬೇಡವೆಂದು ಹಟ ಹಿಡಿದುದರಿಂದ ಉಳಿಯಿತು. ಹೆತ್ತವರಿಗೇ ಮಕ್ಕಳ ಬೆಲೆಯು ತಿಳಿಯದೆ ಹೋಗುವುದುಂಟು.

ಮೊದಲನೆಯದಕ್ಕೆ ಅಳಿಯನು ಗಟ್ಟಿಯಾಗಿ ಕೂಗಿದನು. ಎರಡನೆಯದರ ಹೆಸರು ಬಂದಾಗ ಎದ್ದ ಕೂಗಿನಲ್ಲಿ ಮಂದಿರವೇ ನಡುಗಿತು. ನಮ್ಮ ಪಕ್ಕದಲ್ಲಿದ್ದ ಹುಡುಗಿಯು ಎದ್ದು ನಿಂತು, ಎರಡು ಕೈಗಳನ್ನೂ ಎತ್ತಿ, ಗಂಟಲು ಬಿರಿಯುವಂತೆ ಕೂಗುತ್ತಿದ್ದಳು. ಕಣ್ಣಿನಿಂದ ನೀರು ಇಳಿಯುತ್ತಿದ್ದಿತು. ಹಾಡು ಮುಗಿಯುವವರೆಗೆ ಅಳಿಯನು ವೇದಿಕೆಯನ್ನು ನೋಡಲಿಲ್ಲ, ಮಗಳನ್ನೇ ನೋಡುತ್ತಿದ್ದನು.

ಹಿಂದಿರುಗುವ ಬಂಡಿಯಲ್ಲಿ ಮುದುಕರು ನಿದ್ದೆಹೋದರು. ಜಮೈಕಾ ನಿಲ್ದಾಣವು ದಾಟಿದ ಮೇಲೆ ಅಳಿಯನು ಮೆಲ್ಲನೆ, "ಏನಮ್ಮ, ಆ ಹಾಡಿಗೆ ಯಾಕೆ ಅತ್ತೆ?" ಎಂದು ಕೇಳಿದನು. ಅವಳು ನಮ್ಮ ಕಡೆಗೆ ಒಮ್ಮೆ ನೋಡಿ, ಎಲ್ಲವನ್ನೂ ಹೇಳಿದಳು. ಅಳಿಯನು ನಡುವೆ ಬಾಯಿ ಹಾಕಲಿಲ್ಲ. ಮಿನಿಯೋಲಾ ಕಳೆಯಿತು. ಅವನು ಜೇಬಿನಿಂದ ಪಟ್ಟಿಯನ್ನು ತೆಗೆದು, ಲೇಖನಿಯಿಂದ ಏನನ್ನೋ ತಿದ್ದಿದನು.

"ಹನ್ನೊಂದರಿಂದ ಒಂಬತ್ತಕ್ಕೆ ಏರಿಸಿದ್ದೇನೆ. ಇದಕ್ಕಿಂತ ಹೆಚ್ಚು ಈ ರಾತ್ರಿ ನನ್ನ ಕೈಲಾಗದು. ನಾಳೆ ನಿಮ್ಮ ಅಮ್ಮನೊಂದಿಗೆ ಕುಳಿತು ಮಾತನಾಡೋಣ" ಎಂದನು.

ಹುಡುಗಿಯು ತಂದೆಯ ತೋಳಿಗೆ ತಲೆಯಾನಿಸಿಕೊಂಡಳು. ನಮ್ಮ ಹೊಟ್ಟೆಯ ಕಲ್ಲು ಕರಗಿತು.

ಆ ಮೇಲೆ ಎಷ್ಟೋ ನಡೆದುಹೋಯಿತು. ಮಾಸಿಕ ಕಛೇರಿಗಳು 2024ನೆಯ ಜುಲೈ 25ರಂದು ಮುಕ್ತಾಯವಾದುವು. ಅಂದಿಗೆ ಆ ಮಂದಿರದಲ್ಲಿ ಜೋಯೆಲ್ ಅವರು ಹಾಡಿದ ಕಛೇರಿಗಳ ಒಟ್ಟು ಸಂಖ್ಯೆ 150. 1993ರಿಂದೀಚೆಗೆ ಹೊಸ ಹಾಡುಗಳ ಸಂಪುಟವನ್ನು ತಾರದಿದ್ದವರು, 2024ರ ಫೆಬ್ರವರಿಯಲ್ಲಿ ಒಂದು ಹೊಸ ಹಾಡನ್ನು ಹೊರಡಿಸಿ ಪಟ್ಟಿಗಾರರಿಗೆಲ್ಲ ಹೊಸ ತೊಡಕನ್ನು ತಂದಿಟ್ಟರು. 2025ರ ಮೇ ತಿಂಗಳಲ್ಲಿ ಮಿದುಳಿನಲ್ಲಿ ನೀರು ತುಂಬುವ ಒಂದು ವ್ಯಾಧಿಯಿಂದಾಗಿ ಮುಂದಿನ ಕಛೇರಿಗಳನ್ನು ರದ್ದುಮಾಡಿದರು. ಆ ಸುದ್ದಿಯನ್ನು ಕೇಳಿ ಹಿಕ್ಸ್‌ವಿಲ್ಲಿನ ಅನೇಕ ಮನೆಗಳಲ್ಲಿ ಮನೆಯವರಿಗೇ ಕಾಯಿಲೆಯಾದಂತೆ ಮರುಗಿದರೆಂದು ಅಳಿಯನು ತಿಳಿಸಿದನು.

ಹುಡುಗಿಯು ಆ ಒಂದು ವರ್ಷ ನಿಂತಳು. ವೃದ್ಧರ ಆಶ್ರಯವೊಂದರಲ್ಲಿ ಊಟ ಬಡಿಸುವ ಕೆಲಸ ಮಾಡಿದಳು. ಮರುವರ್ಷ ಕಾಲೇಜಿಗೆ ಹೋದಳು. ವೈದ್ಯಳಾಗಲಿಲ್ಲ, ಈಗ ಕಿವುಡ ಮಕ್ಕಳಿಗೆ ಪಾಠ ಹೇಳುತ್ತಿದ್ದಾಳೆ. ತಂದೆಗೆ ಇದು ಪೂರ್ಣವಾಗಿ ಒಪ್ಪಿಗೆಯೆಂದು ಹೇಳಿದರೆ ಸುಳ್ಳಾದೀತು. ಆದರೆ ಕಳೆದ ಯುಗಾದಿಯ ಕಾಗದದಲ್ಲಿ, ಮನೆಯ ಕ್ಷೇಮಸಮಾಚಾರವೆಲ್ಲ ಮುಗಿದ ಮೇಲೆ, ಕೊನೆಗೆ ಒಂದು ಸಾಲನ್ನು ಸೇರಿಸಿದ್ದನು: "ಮಾವ, 'ವಿಯೆನ್ನಾ' ಈಗ ನಾಲ್ಕನೆಯದು."