ಬೀಗರ ಜೊತೆ ಸ್ಟೇಕ್

ನ್ಯೂಯಾರ್ಕ್,
ಡಿಸೆಂಬರ್ 12

ಪ್ರೀತಿಯ ನಂಜುಂಡ,

ನಿನ್ನ ಮಗಳ ಅತ್ತೆ-ಮಾವ ಕ್ರಿಸ್‌ಮಸ್ ಹಿಂದಿನ ರಾತ್ರಿ ಹನ್ನೆರಡು ಜನರನ್ನು ಕಟ್ಟಿಕೊಂಡು ಸ್ಟೇಕ್‌ಹೌಸಿಗೆ ಹೊರಟಿದ್ದಾರೆ, ಅಲ್ಲಿ ಏನು ತಿನ್ನಬೇಕು, ಹೇಗೆ ಸಹಿಸಿಕೊಂಡು ಕೂರಬೇಕು ಎಂದು ಕೇಳಿದ್ದೀಯ. ಊರು ಬಿಡುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಹಬ್ಬದ ದಿನ ಹೋಟೆಲಿನಲ್ಲಿ ಬೀಗರ ಜೊತೆ ಉಂಡು ಬಂದವರು ಇಲ್ಲಿ ಸಾಮಾನ್ಯವಾಗಿ ಎರಡು ದೂರು ಹೇಳುತ್ತಾರೆ: ಮಾಂಸ ಚೆನ್ನಾಗಿರಲಿಲ್ಲ, ಮಾತೂ ಚೆನ್ನಾಗಿರಲಿಲ್ಲ. ನನ್ನ ಲೆಕ್ಕದಲ್ಲಿ ಈ ಎರಡೂ ದೂರಿನ ಬೇರು ಒಂದೇ. ಬೀಗರ ಸ್ವಭಾವವನ್ನೂ ಅಡುಗೆಯವನ ಕೈಗುಣವನ್ನೂ ಬಯ್ದು ಉಪಯೋಗವಿಲ್ಲ. ಸ್ಟೇಕ್ ಪಂಕ್ತಿಯ ಊಟವಲ್ಲ. ಅದನ್ನು ಪಂಕ್ತಿಯಲ್ಲಿ ಕೂತು ತಿನ್ನಲು ಹೋಗುವುದೇ ಎಡವಟ್ಟು.

ನಮ್ಮ ಮಂಡ್ಯ, ಹಾಸನದ ಕಡೆಯ ಬೀಗರೂಟವನ್ನೇ ತೆಗೆದುಕೋ. ಮದುವೆ ಮುಗಿದ ಮೇಲೆ ಸಾವಿರ ಜನಕ್ಕೆ ಮಟನ್ ಸಾರು, ಮುದ್ದೆ, ಬೋಟಿ ಗೊಜ್ಜು ಬಡಿಸುತ್ತಾರೆ. ಮೊದಲನೇ ಪಂಕ್ತಿಗೂ ಐದನೇ ಪಂಕ್ತಿಗೂ ರುಚಿಯಲ್ಲಿ ಅಂತರ ಕಾಣುವುದಿಲ್ಲ. ಹಂಡೆಯಲ್ಲಿ ಕುದಿಯುವ ಸಾರು ಕಾಯುತ್ತದೆ. ಅರ್ಧ ಗಂಟೆ ತಡವಾದರೆ ಮೂಳೆಯ ರಸ ಇನ್ನಷ್ಟು ಇಳಿದು ಗಟ್ಟಿಯಾಗುತ್ತದೆ. ಎಲ್ಲರಿಗೂ ಒಂದೇ ಸಾರು, ಒಂದೇ ಎಲೆ. ನಿನಗೆಷ್ಟು ಬೇಯಿಸಲಿ ಎಂದು ಯಾರನ್ನೂ ಯಾರೂ ಕೇಳುವುದಿಲ್ಲ. ಇಲ್ಲಿಯ ಸ್ಟೇಕ್‌ಗೆ ಕಾಯುವ ಗುಣವೇ ಇಲ್ಲ. ಹದಕ್ಕೆ ಬಂದ ತುಂಡು ಕೆಲವು ನಿಮಿಷಗಳಲ್ಲಿ ಹದ ದಾಟಿರುತ್ತದೆ, ಇಲ್ಲವೇ ಆರಿ ಹೋಗಿರುತ್ತದೆ. ಮೇಲಾಗಿ ಅದು ಒಬ್ಬೊಬ್ಬರಿಗೆ ಒಂದೊಂದು.

ಒಳ್ಳೆಯ ಸ್ಟೇಕ್ ಯಾವುದು ಎಂಬ ಪ್ರಶ್ನೆಗೆ ಅರ್ಧ ಉತ್ತರ ಒಲೆ ಹಚ್ಚುವ ಮೊದಲೇ ನಿರ್ಧಾರವಾಗಿರುತ್ತದೆ. ಮ್ಯಾನ್‌ಹಟನ್ನಿನ ಪಶ್ಚಿಮ 52ನೇ ಬೀದಿಯಲ್ಲಿ 1927ರಿಂದ ಇರುವ ಗ್ಯಾಲಗರ್ಸ್ ಎಂಬ ಸ್ಟೇಕ್‌ಹೌಸು ತನ್ನ ಮಾಂಸದ ಕೋಣೆಯನ್ನು ಬೀದಿಯವರಿಗೇ ಕಾಣುವಂತೆ ಗಾಜಿನ ಹಿಂದೆ ಇಟ್ಟಿದೆ. ಸಾಲು ಸಾಲು ಅಟ್ಟಣಿಗೆಯ ಮೇಲೆ ಸೊಂಟದ ಭಾಗದ ದೊಡ್ಡ ತುಂಡುಗಳು. ಮೈಮೇಲೆ ಒಣಗಿದ ಕಪ್ಪುಗೆಂಪು ಸಿಪ್ಪೆ, ಅಂಚಿಗೆ ಹಳದಿ ತಿರುಗಿದ ಕೊಬ್ಬು. ಹಸಿದವರಿಗೂ ಒಂದು ಕ್ಷಣ ಅಸಹ್ಯವೆನಿಸುವ ನೋಟ. ಆದರೆ ಕಾಸು ಕೊಡುವುದು ಅದಕ್ಕೇ. ನೀರು ಹೆಪ್ಪುಗಟ್ಟುವುದಕ್ಕಿಂತ ತುಸು ಮೇಲಿನ ತಣ್ಣನೆಯ ಕೋಣೆಯಲ್ಲಿ, ಗಾಳಿ ಆಡುವಂತೆ ಮೂರು ನಾಲ್ಕು ವಾರ ಇಟ್ಟಾಗ ಮಾಂಸದೊಳಗಿನ ಕಿಣ್ವಗಳೇ ನಾರನ್ನು ಸಡಿಲಿಸುತ್ತವೆ, ನೀರು ಆರಿ ರುಚಿ ಗಾಢವಾಗುತ್ತದೆ. ತೂಕ ಇಳಿಯುತ್ತದೆ, ಒಣಸಿಪ್ಪೆಯನ್ನು ಕೆತ್ತಿ ಎಸೆಯಬೇಕಾಗುತ್ತದೆ. ಬೆಲೆ ಏರುವುದಕ್ಕೆ ಇದೂ ಒಂದು ಕಾರಣ. ಇದಕ್ಕಿಂತ ಮೊದಲು ದರ್ಜೆಯ ಪ್ರಶ್ನೆ ಇದೆ. ಅಮೆರಿಕದ ಕೃಷಿ ಇಲಾಖೆ 1927ರಿಂದ ಮಾಂಸಕ್ಕೆ ದರ್ಜೆ ಕೊಡುತ್ತಿದೆ. ಹನ್ನೆರಡನೇ ಮತ್ತು ಹದಿಮೂರನೇ ಪಕ್ಕೆಲುಬಿನ ನಡುವೆ ಕತ್ತರಿಸಿ, ಕೆಂಪು ಮಾಂಸದೊಳಗೆ ಬಿಳಿ ಕೊಬ್ಬಿನ ಎಳೆ ಎಷ್ಟು ಹರಡಿದೆ ಎಂದು ನೋಡುತ್ತಾರೆ. ಹೆಚ್ಚಿದ್ದರೆ ಪ್ರೈಮ್, ಸ್ವಲ್ಪ ಕಡಿಮೆ ಇದ್ದರೆ ಚಾಯ್ಸ್, ಅದಕ್ಕಿಂತ ಕೆಳಗೆ ಸೆಲೆಕ್ಟ್. ಆ ಎಳೆಗಳು ಬಿಸಿಗೆ ಕರಗಿ ನಾರಿನ ನಡುವೆ ಇಳಿಯುವುದರಿಂದ ತುಂಡು ಬಾಯಲ್ಲಿ ಒಣಗುವುದಿಲ್ಲ. ಪ್ರಾಣಿಯ ವಯಸ್ಸನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಇಲ್ಲಿ ಸ್ಟೇಕ್‌ಗೆ ಬರುವ ದನ ಸಾಮಾನ್ಯವಾಗಿ ಒಂದೂವರೆ ಎರಡು ವರ್ಷದ್ದು, ಕೊನೆಯ ಕೆಲವು ತಿಂಗಳು ಮೆಕ್ಕೆಜೋಳ ತಿಂದು ಕೊಬ್ಬಿದ್ದು.

ಬೆಂಗಳೂರಿನಲ್ಲಿ ತಿಂದ ಸ್ಟೇಕನ್ನು ನೆನೆದು ಇದಕ್ಕೇನು ಇಷ್ಟು ಗಲಾಟೆ ಎಂದು ನೀನು ಕೇಳಬಹುದು. ಬೆಂಗಳೂರಿಗೆ ಸ್ಟೇಕ್ ಹೊಸತೇನಲ್ಲ, ದಂಡುಪ್ರದೇಶದ ಹೋಟೆಲುಗಳಲ್ಲಿ ದಶಕಗಳಿಂದ ಇದೆ. ಆದರೆ 2020ರ ಗೋಹತ್ಯೆ ನಿಷೇಧ ಕಾನೂನಿನ ಪ್ರಕಾರ ಕರ್ನಾಟಕದಲ್ಲಿ ಕಡಿಯಲು ಅನುಮತಿ ಇರುವುದು 13 ವರ್ಷ ದಾಟಿದ ಎಮ್ಮೆ-ಕೋಣಕ್ಕೆ ಮಾತ್ರ. ಆ ಕಾನೂನು ಸರಿಯೋ ತಪ್ಪೋ ಎಂಬ ಚರ್ಚೆ ಈ ಪತ್ರದ್ದಲ್ಲ. ಪ್ರಾಣಿಗೆ ವಯಸ್ಸಾದಂತೆ ಸ್ನಾಯುಗಳನ್ನು ಕಟ್ಟುವ ಅಂಟುನಾರು ಬಿಗಿಯಾಗುತ್ತ ಹೋಗುತ್ತದೆ, ಅದು ಮೆತ್ತಗಾಗಲು ಗಂಟೆಗಟ್ಟಲೆ ಬೇಯಬೇಕು. ಐದು ನಿಮಿಷದ ಕಾವಲಿಗೆ ಬಗ್ಗುವುದಿಲ್ಲ. ಅಂಥ ಮಾಂಸವನ್ನು ಬಡಿದು, ತೆಳ್ಳಗೆ ಮಾಡಿ, ಮೆಣಸಿನ ಸಾಸ್ ಸುರಿದು ಕೊಡುವುದರಲ್ಲಿ ಜಾಣತನವಿದೆ. ಇಲ್ಲಿಯದು ಬೇರೆಯೇ ಪದಾರ್ಥ. ಉಪ್ಪು, ಬಿಸಿ ಬಿಟ್ಟರೆ ಇನ್ನೇನನ್ನೂ ಕೇಳುವುದಿಲ್ಲ. ದನದ ಮಾಂಸ ತಿನ್ನುವುದೂ ಬಿಡುವುದೂ ನಿನ್ನಿಷ್ಟ. ತಿನ್ನುವುದಿಲ್ಲವೆಂದರೆ ಅದಕ್ಕೂ ದಾರಿ ಇದೆ, ಕೆಳಗೆ ಬರೆದಿದ್ದೇನೆ.

ಒಲೆಯ ವಿಷಯಕ್ಕೆ ಬಂದರೆ, ಎಲ್ಲಕ್ಕಿಂತ ಮುಖ್ಯ ದಪ್ಪ. ಒಂದೂವರೆ ಇಂಚು ದಪ್ಪ ಇಲ್ಲದ ತುಂಡಿನಲ್ಲಿ ಹೊರಗೆ ಕಂದುಬಣ್ಣ ಬರುವಷ್ಟರಲ್ಲಿ ಒಳಗೂ ಬೆಂದು ಮುಗಿದಿರುತ್ತದೆ. ಎರಡನೆಯದು ಒಣ ಮೈ. ಮಾಂಸದ ಮೇಲೆ ನೀರಿನ ಪಸೆ ಇರುವವರೆಗೆ ಅಲ್ಲಿನ ಬಿಸಿ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ, ಪ್ರೋಟೀನೂ ಸಕ್ಕರೆಯೂ ಸೇರಿ ಆ ಕಂದು ರುಚಿ ಹುಟ್ಟಲು 140ರ ಆಸುಪಾಸಿನ ಬಿಸಿ ಬೇಕು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮೇಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದು. ನಮ್ಮ ದೋಸೆಯ ಕೆಂಪು, ಹುರಿದ ಕಾಫಿಬೀಜದ ಘಮ, ಎರಡರ ಹಿಂದೆಯೂ ಇದೇ ಇದೆ. ಉಪ್ಪನ್ನು ಮುಕ್ಕಾಲು ಗಂಟೆ ಮೊದಲು ಹಚ್ಚಬೇಕು, ಇಲ್ಲವೇ ಕಾವಲಿಗೆ ಹಾಕುವ ಕ್ಷಣದಲ್ಲಿ. ನಡುವೆ ಹಚ್ಚಿದರೆ ಉಪ್ಪು ಎಳೆದ ನೀರು ಮೇಲೆಯೇ ನಿಂತಿರುತ್ತದೆ. ಜೋರು ಬಿಸಿಗೆ ಹಾಕಿದರೆ ಮೇಲ್ಮೈ ಬಿಗಿದು ರಸ ಒಳಗೇ ಉಳಿಯುತ್ತದೆ ಎಂದು ಬೀಗರ ಕಡೆಯ ಹಿರಿಯರೊಬ್ಬರು ಖಂಡಿತ ಹೇಳುತ್ತಾರೆ, ಕಾದಿರು. ಹತ್ತೊಂಬತ್ತನೇ ಶತಮಾನದ ಜರ್ಮನ್ ವಿಜ್ಞಾನಿ ಲೀಬಿಗ್ ಹಬ್ಬಿಸಿದ ನಂಬಿಕೆ ಅದು. ತೂಗಿ ನೋಡಿದವರಿಗೆಲ್ಲ ಸುಳ್ಳೆಂದು ಗೊತ್ತಾಗಿದೆ. ಕಾವಲಿಯ ಮೇಲೆ ಚೊಯ್ ಎನ್ನುವ ಸದ್ದೇ ರಸ ಸೋರುತ್ತಿರುವುದಕ್ಕೆ ಸಾಕ್ಷಿ. ಆದರೆ ಹಿರಿಯರನ್ನು ತಿದ್ದಲು ಹೋಗಬೇಡ. ಹೆಚ್ಚು ಬಿಸಿ ಬೇಕೆಂಬ ಅವರ ತೀರ್ಮಾನ ಸರಿ, ಕಾರಣ ಮಾತ್ರ ತಪ್ಪು.

ಹನ್ನೆರಡು ಜನರ ಮೇಜಿನ ತೊಡಕು ಶುರುವಾಗುವುದು ಹದದಲ್ಲಿ. ತುಂಡಿನ ನಡುವೆ 50 ಡಿಗ್ರಿ ಇದ್ದರೆ ರೇರ್, 54ರಿಂದ 57 ಇದ್ದರೆ ಮೀಡಿಯಂ ರೇರ್, 60 ದಾಟಿದರೆ ಮೀಡಿಯಂ, 71 ದಾಟಿದರೆ ವೆಲ್‌ಡನ್. ಮೀಡಿಯಂವರೆಗೆ ಒಂದು ಹದದಿಂದ ಇನ್ನೊಂದಕ್ಕೆ ಇರುವುದು ನಾಲ್ಕೈದು ಡಿಗ್ರಿಯಷ್ಟೇ ಅಂತರ. ಒಲೆಯಿಂದ ಇಳಿಸಿದ ಮೇಲೂ ಒಳಗಿನ ಬಿಸಿ ಕೆಲವು ಡಿಗ್ರಿ ಏರುತ್ತದೆ, ಅದನ್ನೂ ಮುಂದಾಗಿ ಲೆಕ್ಕ ಹಾಕಿ ಇಳಿಸಬೇಕು. ಒಂದೇ ಮೇಜಿನಿಂದ ಎರಡು ರೇರ್, ಐದು ಮೀಡಿಯಂ ರೇರ್, ಮೂರು ಮೀಡಿಯಂ, ಎರಡು ವೆಲ್‌ಡನ್ ಎಂದು ಚೀಟಿ ಹೋಯಿತೆನ್ನು. ಅವುಗಳಲ್ಲಿ ತೆಳ್ಳನೆಯ ಸ್ಟ್ರಿಪ್ಪೂ ಇದೆ, ಮೂರು ಬೆರಳು ದಪ್ಪದ ಫಿಲೆಯೂ ಇದೆ. ಎಲ್ಲವೂ ಒಂದೇ ನಿಮಿಷಕ್ಕೆ ಬಾಗಿಲು ದಾಟಬೇಕು, ಏಕೆಂದರೆ ಅರ್ಧ ಮೇಜು ತಿನ್ನುತ್ತ ಇನ್ನರ್ಧ ಮೇಜು ನೋಡುತ್ತ ಕೂರುವಂತಿಲ್ಲ. ಅದೇ ಒಲೆಗೆ ಅದೇ ಹೊತ್ತಿನಲ್ಲಿ ಅಂಥದೇ ಇನ್ನಷ್ಟು ಮೇಜುಗಳ ಚೀಟಿ ಬಂದಿರುತ್ತದೆ. ಹಬ್ಬದ ರಾತ್ರಿಯ ಅಡುಗೆಮನೆ ಆಗ ಮಾಡುವುದು ಒಂದೇ ಉಪಾಯ: ಮೊದಲೇ ಬಣ್ಣ ಬರಿಸಿ ಪಕ್ಕಕ್ಕಿಟ್ಟು, ಆಮೇಲೆ ಓವನ್ನಿನಲ್ಲಿ ಬಿಸಿ ಮಾಡಿ ಕಳಿಸುವುದು. ತಟ್ಟೆ ಬಿಸಿಯಾಗಿರುತ್ತದೆ, ಗೆರೆ ಚೆನ್ನಾಗಿ ಮೂಡಿರುತ್ತದೆ, ಹದ ಮಾತ್ರ ದೇವರಿಗೇ ಗೊತ್ತು. ಅಷ್ಟು ದುಡ್ಡು ತೆಗೆದುಕೊಳ್ಳುವವರಿಗೆ ಇದನ್ನು ನಿಭಾಯಿಸಲು ಬರುವುದಿಲ್ಲವೇ ಎಂದರೆ, ದುಡ್ಡು ಒಳ್ಳೆಯ ಮಾಂಸವನ್ನು ಕೊಳ್ಳುತ್ತದೆ, ಸಾವಿರ ಡಿಗ್ರಿಯ ಒಲೆಯನ್ನೂ ಕೊಳ್ಳುತ್ತದೆ. ಆ ರಾತ್ರಿ ಎಂಟು ಗಂಟೆಯ ಆ ಐದು ನಿಮಿಷವನ್ನು ಕೊಳ್ಳಲಾರದು.

ಇದೇ ಏರ್ಪಾಡು ಮಾತನ್ನೂ ಕೆಡಿಸುತ್ತದೆ. ಮನೆಯಲ್ಲಾದರೆ ಕೈಗೆ ಕೆಲಸವಿರುತ್ತದೆ, ಈರುಳ್ಳಿ ಹೆಚ್ಚುತ್ತ, ಬಡಿಸುತ್ತ ಮಾತಿನ ಇರುಸುಮುರುಸು ಕರಗುತ್ತದೆ. ಹೋಟೆಲಿನಲ್ಲಿ ಆರ್ಡರ್ ಕೊಟ್ಟ ಮೇಲೆ ಮುಕ್ಕಾಲು ಗಂಟೆ ಎದುರುಬದುರು ಕೂತು ಬ್ರೆಡ್ಡು ಹರಿಯುವುದಷ್ಟೇ ಕೆಲಸ. ಅದಕ್ಕೆ ಮೊದಲು ಪ್ರತಿಯೊಬ್ಬರೂ ತನಗೇನು ಬೇಕೆಂದು ಎಲ್ಲರ ಕಿವಿಗೆ ಬೀಳುವಂತೆ ಹೇಳಿರುತ್ತಾರೆ: ಯಾವ ತುಂಡು, ಎಷ್ಟು ಡಾಲರಿನದು, ಎಷ್ಟು ಬೆಂದದ್ದು. ಕರೆದವರ ದುಡ್ಡಿನಲ್ಲಿ ದುಬಾರಿಯದು ಕೇಳಿದರೆ ದುರಾಸೆ, ಅಗ್ಗದ್ದು ಕೇಳಿದರೆ ಬಿಗುಮಾನ. ವೆಲ್‌ಡನ್ ಎಂದ ಅತ್ತೆಯನ್ನು ರೇರ್ ತಿನ್ನುವ ಅಳಿಯ ನೋಡಿ ನಗುತ್ತಾನೆ. ಹಂಡೆಯ ಸಾರಿನಲ್ಲಿ ಈ ಪರೀಕ್ಷೆ ಯಾರಿಗೂ ಇರಲಿಲ್ಲ.

ವೆಲ್‌ಡನ್ ತಿನ್ನುವವರ ಪರವಾಗಿ ಒಂದು ಮಾತು ಹೇಳಲೇಬೇಕು, ನೀನೂ ಅದೇ ಕೇಳುತ್ತೀಯೆಂದು ನನಗೆ ಗೊತ್ತು. ನಿಜ, ತಟ್ಟೆಯಲ್ಲಿ ಹರಿಯುವ ಕೆಂಪು ನೀರು ರಕ್ತವಲ್ಲ. ಸ್ನಾಯುವಿನೊಳಗಿನ ಮಯೋಗ್ಲೋಬಿನ್ ಎಂಬ ಬಣ್ಣದ ಪ್ರೋಟೀನು ಬೆರೆತ ನೀರು. ಇಡೀ ತುಂಡಿನಲ್ಲಿ ಕ್ರಿಮಿ ಇರುವುದು ಮುಖ್ಯವಾಗಿ ಹೊರಮೈಯಲ್ಲಿ, ಅದು ಕಾವಲಿಗೆ ಸುಟ್ಟುಹೋಗುತ್ತದೆ. ಹಾಗಿದ್ದೂ ಇಲ್ಲಿನ ಸರ್ಕಾರವೇ 63 ಡಿಗ್ರಿ ಮುಟ್ಟಿಸಿ ಮೂರು ನಿಮಿಷ ಬಿಡಿ ಎನ್ನುತ್ತದೆ, ಕೈಮಾಕ್ಕೆ 71 ಎನ್ನುತ್ತದೆ. ಆದ್ದರಿಂದ ಹೆಚ್ಚು ಬೇಯಿಸಿ ಕೇಳುವವರನ್ನು ಹಳ್ಳಿ ಗುಗ್ಗು ಎಂದು ನೋಡುವುದು ಬರೀ ಜಂಬ. ಅಪಾಯ ಇರುವುದು ಬೇರೆ ಕಡೆ. ನ್ಯೂಯಾರ್ಕಿನಲ್ಲೇ ಅಡುಗೆ ಮಾಡಿಕೊಂಡಿದ್ದ ಆಂಟನಿ ಬೋರ್ಡೇನ್ 2000ರಲ್ಲಿ ಬಂದ ತನ್ನ ‘ಕಿಚನ್ ಕಾನ್ಫಿಡೆನ್ಷಿಯಲ್’ ಪುಸ್ತಕದಲ್ಲಿ ಈ ಗುಟ್ಟು ಬಿಟ್ಟುಕೊಟ್ಟ: ನಾರು ನಾರಾದ, ಹಳತಾಗುತ್ತಿರುವ ತುಂಡನ್ನು ಅಡುಗೆಯವರು ವೆಲ್‌ಡನ್ ಕೇಳುವವರಿಗೆಂದೇ ಎತ್ತಿಡುತ್ತಾರೆ. ಪೂರ್ತಿ ಬೆಂದದ್ದೇ ಬೇಕೆಂದರೆ ಫಿಲೆ ಕೇಳಬೇಡ, ಅದರಲ್ಲಿ ಕೊಬ್ಬಿಲ್ಲ, ಹತ್ತಿಯಾಗುತ್ತದೆ. ರಿಬ್‌ಐ ಕೇಳು. ಅದರ ಕೊಬ್ಬು ನಿನ್ನ ಹಟವನ್ನು ಸ್ವಲ್ಪ ಮಟ್ಟಿಗೆ ತಡೆದುಕೊಳ್ಳುತ್ತದೆ.

ನನ್ನ ವಾದಕ್ಕೆ ಬಲವಾದ ಆಕ್ಷೇಪ ಈ ಊರಿನ ಇತಿಹಾಸದಲ್ಲೇ ಇದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ, ಇಪ್ಪತ್ತನೆಯದರ ಆರಂಭದಲ್ಲಿ ನ್ಯೂಯಾರ್ಕಿನ ರಾಜಕೀಯ ಕ್ಲಬ್ಬುಗಳೂ ಸಂಘಗಳೂ ‘ಬೀಫ್‌ಸ್ಟೇಕ್’ ಎಂಬ ಹೆಸರಿನಲ್ಲೇ ದೊಡ್ಡ ಔತಣಗಳನ್ನು ನಡೆಸುತ್ತಿದ್ದವು. ಜೋಸೆಫ್ ಮಿಚೆಲ್ 1939ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದ ಲೇಖನ ಪ್ರಸಿದ್ಧ. ನೂರಾರು ಜನ ಏಪ್ರನ್ ಕಟ್ಟಿಕೊಂಡು, ಚಾಕು ಫೋರ್ಕಿನ ಹಂಗಿಲ್ಲದೆ, ಬಿಯರ್ ಜೊತೆ ಹೊಟ್ಟೆ ಬಿರಿಯೆ ತಿನ್ನುತ್ತಿದ್ದರು. ಪಕ್ಕದ ನ್ಯೂಜೆರ್ಸಿಯಲ್ಲಿ ಈ ಪದ್ಧತಿ ಇನ್ನೂ ಉಸಿರಾಡುತ್ತಿದೆ. ಹಾಗಾದರೆ ಸ್ಟೇಕ್ ಪಂಕ್ತಿಗೆ ಒಗ್ಗುವುದಿಲ್ಲ ಎನ್ನುವುದು ಹೇಗೆ? ಆ ಔತಣ ನಡೆಯುತ್ತಿದ್ದ ರೀತಿ ನೋಡು. ಸುಟ್ಟ ಮಾಂಸವನ್ನು ಹೋಳು ಮಾಡಿ, ಬೆಣ್ಣೆಯಲ್ಲಿ ಅದ್ದಿ, ಬ್ರೆಡ್ಡಿನ ಮೇಲಿಟ್ಟು ತಟ್ಟೆ ತಟ್ಟೆ ಹರಿಸುತ್ತಿದ್ದರು. ಯಾರ ಹದವನ್ನೂ ಯಾರೂ ಕೇಳುತ್ತಿರಲಿಲ್ಲ, ಬೆಣ್ಣೆ ಎಲ್ಲ ತಪ್ಪನ್ನೂ ಮುಚ್ಚುತ್ತಿತ್ತು. ಸ್ಟೇಕನ್ನು ಪಂಕ್ತಿಗೆ ಬಗ್ಗಿಸಲು ಅದರ ಒಂಟಿತನವನ್ನು ತೆಗೆದುಹಾಕಬೇಕಾಯಿತು.

ಇದರಲ್ಲೇ ನಿನಗೆ ಬೇಕಾದ ಉಪಾಯ ಇದೆ. ಬೀಗರಿಗೆ ಮಗಳ ಮೂಲಕ ಒಂದು ಮಾತು ಮುಟ್ಟಿಸು: ಹಂಚಿಕೊಂಡು ತಿನ್ನುವುದು ನಮ್ಮ ಕಡೆಯ ಪದ್ಧತಿ, ಹಾಗೇ ಮಾಡೋಣವೇ ಎಂದು. ಬ್ರೂಕ್ಲಿನ್ನಿನಲ್ಲಿ 1887ರಿಂದ ಇರುವ ಪೀಟರ್ ಲೂಗರ್‌ನಲ್ಲಿ ಪೋರ್ಟರ್‌ಹೌಸ್ ಸ್ಟೇಕನ್ನು ಇಬ್ಬರಿಗೆ, ಮೂವರಿಗೆ, ನಾಲ್ವರಿಗೆ ಎಂದೇ ಕೊಡುತ್ತಾರೆ. ಮೂಳೆಯಿಂದ ಬಿಡಿಸಿ ಹೋಳು ಮಾಡಿದ ಮಾಂಸದ ತಟ್ಟೆಯ ಒಂದು ಅಂಚಿಗೆ ಬೋರಲು ತಟ್ಟೆ ಕೊಟ್ಟು ವಾಲಿಸಿ ಇಡುತ್ತಾರೆ. ಬೆಣ್ಣೆಯೂ ರಸವೂ ಇಳಿಜಾರಿಗೆ ಬಂದು ನಿಲ್ಲುತ್ತವೆ, ವೇಟರ್ ಅದನ್ನು ಚಮಚದಲ್ಲಿ ಎತ್ತಿ ಹೋಳಿನ ಮೇಲೆ ಹಾಕುತ್ತಾನೆ. 2019ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನ ವಿಮರ್ಶಕ ಪೀಟ್ ವೆಲ್ಸ್ ಈ ಹೋಟೆಲಿಗೆ ಒಂದು ನಕ್ಷತ್ರವನ್ನೂ ಕೊಡಲಿಲ್ಲ, ಆದ್ದರಿಂದ ಹೆಸರೇ ಪ್ರಮಾಣ ಎಂದು ನಾನು ಹೇಳುವುದಿಲ್ಲ, ಬಡಿಸುವ ರೀತಿ ಮಾತ್ರ ಮೆಚ್ಚುವಂಥದು. ಅದಕ್ಕಿಂತ ಸುರಕ್ಷಿತವಾದದ್ದು ಪ್ರೈಮ್ ರಿಬ್. ಪಕ್ಕೆಲುಬಿನ ಇಡೀ ಭಾಗವನ್ನು ಗಂಟೆಗಟ್ಟಲೆ ನಿಧಾನವಾಗಿ ಸುಟ್ಟು, ಬಡಿಸುವಾಗ ಕೊಯ್ಯುವುದು. ಬೆವರ್ಲಿ ಹಿಲ್ಸಿನ ಲಾರಿಸ್ ಹೋಟೆಲು 1938ರಿಂದ ಇದನ್ನೇ ಬೆಳ್ಳಿಬಣ್ಣದ ಗಾಡಿಯಲ್ಲಿಟ್ಟು ಮೇಜಿನ ಬಳಿಗೆ ತಳ್ಳಿಕೊಂಡು ಬರುತ್ತಿದೆ. ದೊಡ್ಡ ತುಂಡಾದ್ದರಿಂದ ಒಂದು ಗಂಟೆ ಕಾದರೂ ಕೆಡುವುದಿಲ್ಲ. ತುದಿಯ ಹೋಳು ಪೂರ್ತಿ ಬೆಂದಿರುತ್ತದೆ, ನಡುವಿನದು ಗುಲಾಬಿಯಾಗಿರುತ್ತದೆ; ನಿನಗೂ ಅಳಿಯನಿಗೂ ಒಂದೇ ಮಾಂಸದಲ್ಲಿ ನ್ಯಾಯ ಸಿಗುತ್ತದೆ. ಮನೆಯಲ್ಲೇ ಸ್ಟೇಕ್ ಮಾಡೋಣ ಎಂದು ಯಾರಾದರೂ ಹೊರಟರೆ ಮಾತ್ರ ತಡೆ. ಬೀಡಿನ ಕಾವಲಿಯಲ್ಲಿ ಒಮ್ಮೆಗೆ ಹಿಡಿಸುವುದು ಎರಡೇ ತುಂಡು, ಮೂರನೇ ಸುತ್ತಿಗೆ ಹೊಗೆಯ ಅಲಾರಂ ಕೂಗುತ್ತದೆ.

ದನ ಬೇಡವೆಂದರೆ ಪಶ್ಚಿಮ 36ನೇ ಬೀದಿಯ ಕೀನ್ಸ್ ನೆನಪಿಟ್ಟುಕೋ. 1885ರ ಹೋಟೆಲು, ಸ್ಟೇಕ್‌ಹೌಸೇ ಆದರೂ ಅದರ ಹೆಸರು ನಿಂತಿರುವುದು ಮಟನ್ ಚಾಪ್ ಮೇಲೆ. ಕುರಿ, ಕೊಬ್ಬು, ಮೂಳೆ ಮೂರೂ ಇರುತ್ತವೆ, ಬೋಟಿ ಗೊಜ್ಜು ಮಾತ್ರ ಸಿಗುವುದಿಲ್ಲ. ಆಲೂಗಡ್ಡೆ, ಕೆನೆ ಹಾಕಿದ ಪಾಲಕ್ಕು ಎಲ್ಲ ಸ್ಟೇಕ್‌ಹೌಸುಗಳಲ್ಲೂ ಇರುತ್ತದೆ, ಮಾಂಸವನ್ನೇ ತಿನ್ನದವರಿಗೆ ಅಷ್ಟು ಸಾಕು.

ಕೊನೆಗೆ ಬಿಲ್ಲಿನ ವಿಷಯ. ಲೂಗರ್‌ನ ಬ್ರೂಕ್ಲಿನ್ ಹೋಟೆಲಿಗೆ ಹೋದರೆ ಕ್ರೆಡಿಟ್ ಕಾರ್ಡ್ ನಡೆಯುವುದಿಲ್ಲ, ನಗದು ಇಟ್ಟುಕೊಂಡಿರು. ಎಲ್ಲಿಗೇ ಹೋದರೂ ಆರು ಎಂಟು ಜನಕ್ಕಿಂತ ದೊಡ್ಡ ಮೇಜಿಗೆ ಬಹಳ ಕಡೆ ಶೇ 18ರಿಂದ 20ರಷ್ಟು ಸೇವಾಶುಲ್ಕವನ್ನು ಬಿಲ್ಲಿನಲ್ಲೇ ಸೇರಿಸಿರುತ್ತಾರೆ. ಬೀಗರಿಂದ ಬಿಲ್ಲು ಕಿತ್ತುಕೊಳ್ಳುವ ಉತ್ಸಾಹದಲ್ಲಿ ಅದರ ಮೇಲೆ ಇನ್ನೊಂದು ಟಿಪ್ಸ್ ಬರೆದುಬಿಡಬೇಡ. ಕೆಳಗಿನ ಸಾಲನ್ನು ಓದಿಯೇ ಸಹಿ ಹಾಕು.

ನಿನ್ನ,
ಶ್ರೀಕಂಠ