ಮಿಲಿಟರಿಯಿಂದ ಮನೆಗೆ

ಸೋದರಿಯರೇ, ಪಿಂಚಣಿ ಎಂದರೆ ಅರವತ್ತರ ಮಾತು ಎಂದುಕೊಂಡಿದ್ದೀರಾ? ಮಿಲಿಟರಿಯಲ್ಲಿ ಹಾಗಲ್ಲ. ಜವಾನರಿಗೆ 15 ವರ್ಷ ಸರ್ವೀಸಾದರೆ ಪಿಂಚಣಿ ಸಿಗುತ್ತದೆ. ಇಪ್ಪತ್ತಕ್ಕೆ ಸೇರಿದವರು ನಲವತ್ತರೊಳಗೇ ಟ್ರಂಕು ಹೊತ್ತು ಮನೆಗೆ ಬಂದುಬಿಡುತ್ತಾರೆ. ಮಕ್ಕಳು ಆಗಿನ್ನೂ ಹೈಸ್ಕೂಲು ಮುಟ್ಟಿರುವುದಿಲ್ಲ.

ನಮ್ಮ ಯಜಮಾನರು 17 ವರ್ಷ ಮುಗಿಸಿ ಹವಾಲ್ದಾರರಾಗಿ ಬಂದರು. ಮೊದಲ ತಿಂಗಳು ಮನೆಯಲ್ಲಿ ಹಬ್ಬವೇ ಅನ್ನಿ. ಆಮೇಲೆ ಶುರುವಾಯಿತು. ಹಾಸಿಗೆ ಮಡಿಸಿದ್ದು ಸರಿಯಿಲ್ಲವೆಂದು ಮಕ್ಕಳ ಮೇಲೆ ರೇಗಾಟ. ಅಂಗಡಿ ಲೆಕ್ಕ, ಶಾಲೆಯ ಫೀಸು, ಅತ್ತೆಯವರ ಔಷಧಿ ಎಲ್ಲವನ್ನೂ ಅಷ್ಟು ವರ್ಷ ನಾನೊಬ್ಬಳೇ ತೂಗಿಸಿದ್ದೆ, ಈಗ ಪ್ರತಿಯೊಂದಕ್ಕೂ "ಯಾಕೆ?" ಎಂಬ ಪ್ರಶ್ನೆ. ನಮ್ಮತ್ತೆಯವರು ಓದಿದವರಲ್ಲ, ಆದರೆ ಅವರಿಗೇ ಮೊದಲು ಅರ್ಥವಾಯಿತು. "ನಿನ್ನ ಬೀಗದ ಕೈ ನಿನ್ನ ಹತ್ರಾನೇ ಇರ್ಲಿ ಕಣಮ್ಮ. ಅವನಿಗೆ ಬೇರೆ ಬೀಗ ಹುಡುಕು" ಅಂದರು.

ಬ್ಯಾಂಕಿನ ಬಾಗಿಲಲ್ಲಿ ಗಾರ್ಡ್ ಕೆಲಸ ಬಂತು. ಅವರಿಗೆ ಮನಸ್ಸಿರಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಮನೆಯ ಕಾಗದಪತ್ರವೆಲ್ಲ ಅವರ ಪಾಲಿಗೆ ಬಿಟ್ಟೆ. ಅದೇನು ಸಣ್ಣ ಕೆಲಸವೇ! ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಿಂದ ಮಾಜಿ ಸೈನಿಕರ ಗುರುತಿನ ಚೀಟಿ ಮಾಡಿಸಬೇಕು. 2003ರಲ್ಲಿ ಶುರುವಾದ ಇಸಿಎಚ್‌ಎಸ್ ಆರೋಗ್ಯ ಯೋಜನೆಗೆ ಅರ್ಜಿ ಹಾಕಬೇಕು. ಅದರಲ್ಲಿ ಹೆಂಡತಿಗೂ ಕಾರ್ಡು ಬೇರೆ. ಸರ್ಕಾರಿ ನೌಕರಿಗಳಲ್ಲಿ ಮಾಜಿ ಸೈನಿಕರಿಗೆ ಮೀಸಲಾತಿ, ವಯಸ್ಸಿನ ರಿಯಾಯಿತಿ ಎರಡೂ ಉಂಟು. ಆ ಕಚೇರಿಗೆ ಓಡಾಡುತ್ತಲೇ ಅವರಿಗೆ ತಮ್ಮಂಥ ನಾಲ್ಕು ಜನ ಸಿಕ್ಕಿದರು. ರಾತ್ರಿ ಊಟಕ್ಕೆ ಕೂತಾಗ ಮಾತು ಬಂತು, ನಗು ಬಂತು. ಈಗ ಊರಿನ ಇಬ್ಬರು ವಿಧವೆಯರ ಅರ್ಜಿಗಳನ್ನೂ ಇವರೇ ತುಂಬಿಕೊಡುತ್ತಾರೆ.

ಆ ಕಾಗದಗಳ ನಡುವೆಯೇ ಒಂದು ವಿಷಯ ಬೆಳಕಿಗೆ ಬಂತು. ಮಿಲಿಟರಿ ದಾಖಲೆಯಲ್ಲಿ ನನ್ನ ಹೆಸರಿನ ಕೊನೆಗೆ 'ಅಮ್ಮ' ಇದೆ, ಆಧಾರಿನಲ್ಲಿ ಇಲ್ಲ! ಇಷ್ಟಕ್ಕೇನು ಅಂತೀರಾ? ನಾಳೆ ಕುಟುಂಬ ಪಿಂಚಣಿಯ ಪ್ರಸಂಗ ಬಂದರೆ, ಆ ಹೆಂಗಸು ನಾನೇ ಎಂದು ಯಾರ ಮುಂದೆ ಸಾಬೀತು ಮಾಡಲಿ? ತಿದ್ದಿಸಲು ದೂರದ ರೆಕಾರ್ಡ್ ಆಫೀಸಿಗೆ ಪತ್ರದ ಮೇಲೆ ಪತ್ರ. ಎಂಟು ತಿಂಗಳು ಹಿಡಿಯಿತು.

ನಿಮ್ಮ ಮನೆಯವರು ಇನ್ನೂ ಸರ್ವೀಸಿನಲ್ಲಿದ್ದರೆ, ಈ ಸಲ ರಜಕ್ಕೆ ಬಂದಾಗ ನಿಮ್ಮ ಹೆಸರು, ಮಕ್ಕಳ ಹೆಸರು, ಹುಟ್ಟಿದ ತಾರೀಖು ಎಲ್ಲವನ್ನೂ ಒಂದು ಚೀಟಿಯಲ್ಲಿ ಆಧಾರಿನಲ್ಲಿದ್ದಂತೆಯೇ ಬರೆದು ಅವರ ಜೇಬಿಗಿಡಿ. ಯೂನಿಟ್ಟಿಗೆ ಹೋಗಿ ತಾಳೆ ನೋಡಲಿ. ತಪ್ಪಿದ್ದರೆ ಅಲ್ಲಿರುವಾಗಲೇ ತಿದ್ದಿಸುವುದು ಸುಲಭ.